ಸವಾರಿಯ ವಿದ್ಯೆಯೂ ವಿದ್ಯಾರ್ಥಿಯ ಋಣವೂ

೧

ತಪ್ಪು ಮಾಡದೆ ಯಾವ ವಿದ್ಯೆಯೂ ಕೈಗೂಡುವುದಿಲ್ಲವೆಂಬುದು ಎಲ್ಲರೂ ಒಪ್ಪಿದ ಮಾತು. ತಪ್ಪಿಗೆ ಬೆಲೆಯುಂಟೆಂಬುದೂ ಎಲ್ಲರಿಗೆ ತಿಳಿದುದೇ. ಆದರೆ ಆ ಬೆಲೆಯನ್ನು ತೆರುವವರು ಯಾರು ಎಂದು ಕೇಳುವವರು ವಿರಳ. ಕುಂಬಾರನ ಮಗನು ತಿಗರಿಯ ಮುಂದೆ ಕುಳಿತು ಮೊದಲ ದಿನ ಹತ್ತು ಮಡಕೆಗಳನ್ನು ಸೊಟ್ಟಮಾಡಿದರೆ ಮಣ್ಣು ಮರಳಿ ಮಣ್ಣಾಗುವುದು. ನೀರು ಚಿಮುಕಿಸಿ ಮಿದಿದರೆ ಮುಗಿಯಿತು. ನೇಯ್ಗೆ ಕಲಿಯುವವನು ಎಳೆ ಕಡಿದರೆ ನೂಲು ನಷ್ಟ. ವೀಣೆ ಕಲಿಯುವವಳು ಅಪಸ್ವರ ನುಡಿಸಿದರೆ ನೆರೆಮನೆಯವರ ಕಿವಿಗೆ ಕೊಂಚ ಕಷ್ಟವಾದೀತು; ತಂತಿಗೆ ನೋವಿಲ್ಲ. ಈ ವಿದ್ಯೆಗಳಲ್ಲೆಲ್ಲ ಕಲಿಯುವವನು ತನ್ನ ತಪ್ಪಿನ ಬೆಲೆಯನ್ನು ತನ್ನ ಕಾಲದಿಂದಲೋ ತನ್ನ ಹಣದಿಂದಲೋ ತಾನೇ ತೆರುತ್ತಾನೆ.

ಬೇರೆ ಕೆಲವು ವಿದ್ಯೆಗಳುಂಟು. ಅವುಗಳಲ್ಲಿ ಕಲಿಯುವವನ ಕೈಕೆಳಗೆ ಇರುವುದು ಮಣ್ಣಲ್ಲ, ನೂಲಲ್ಲ, ಜೀವ. ಹೊಸ ವೈದ್ಯನು ಮೊದಲ ಸೂಜಿಯನ್ನು ಯಾವನೋ ಒಬ್ಬ ರೋಗಿಯ ತೋಳಿಗೇ ಚುಚ್ಚಬೇಕು. ಹೊಸ ಉಪಾಧ್ಯಾಯನ ಮೊದಲ ವರ್ಷದ ತಡವರಿಕೆಯನ್ನು ಯಾವುದೋ ಒಂದು ತರಗತಿಯ ಮಕ್ಕಳೇ ಸಹಿಸಬೇಕು. ಕುದುರೆ ಸವಾರಿಯೂ ಇಂಥ ವಿದ್ಯೆಗಳ ಸಾಲಿಗೆ ಸೇರಿದ್ದು. ಅಷ್ಟೇ ಅಲ್ಲ, ಈ ಪ್ರಶ್ನೆಯ ವಿಚಾರಕ್ಕೆ ಅದರಷ್ಟು ಅನುಕೂಲವಾದ ಉದಾಹರಣೆ ಮತ್ತೊಂದು ದೊರೆಯಲಾರದು. ರೋಗಿಯು ತನಗೆ ಈ ವೈದ್ಯನು ಬೇಡವೆನ್ನಬಲ್ಲನು. ಮಗುವು ಮನೆಗೆ ಹೋಗಿ ತಾಯಿಯೊಡನೆ ದೂರಬಲ್ಲದು. ಇಬ್ಬರಿಗೂ ಆ ಕಷ್ಟದಿಂದ ಕೊನೆಗೆ ತಮಗೇ ಏನಾದರೂ ಹಿತವುಂಟಾಗುವ ನಿರೀಕ್ಷೆಯಾದರೂ ಇರುತ್ತದೆ. ಕುದುರೆಗೆ ಇವಾವುವೂ ಇಲ್ಲ. ತಾನು ಒಪ್ಪಿಗೆ ಕೊಡದ, ತನಗೆ ಪ್ರಯೋಜನವಿಲ್ಲದ ಪಾಠವೊಂದಕ್ಕೆ ತನ್ನ ಬೆನ್ನನ್ನೇ ಹಲಗೆಯಾಗಿ ಒಡ್ಡಿ ನಿಂತ ಪ್ರಾಣಿಗೆ, ಆ ಹಲಗೆಯ ಮೇಲೆ ಬರೆಯಲು ಕಲಿತವನು ಸಲ್ಲಿಸಬೇಕಾದುದೇನು? ಈ ಪ್ರಶ್ನೆಯೇ ಇಲ್ಲಿಯ ವಿಷಯ.

೨

ಪ್ರಶ್ನೆಯು ಬರಿಯ ಭಾವುಕತೆಯಾಗದಿರಬೇಕಾದರೆ ಮೊದಲು ಸಂಗತಿಗಳನ್ನು ನೋಡಬೇಕು. ನಾಲ್ಕಾರು ಕುದುರೆಗಳ ಒಂದು ಚಿಕ್ಕ ಲಾಯವನ್ನು ವಾಚಕರು ಊಹಿಸಿಕೊಳ್ಳಲಿ. ಇಂಗ್ಲೆಂಡು ಮೊದಲಾದ ದೇಶಗಳ ಹಳ್ಳಿಗಾಡಿನಲ್ಲಿ ಇಂಥವು ಬಹಳ. ಬೆಂಗಳೂರಿನ ಸುತ್ತಮುತ್ತಲೂ ಇಂದು ಸವಾರಿಯ ಶಾಲೆಗಳುಂಟು. ಜೂಜಿನ ಕುದುರೆಯ ಬೆಡಗು ಇಲ್ಲಿಲ್ಲ. ಹೊಸಬರಿಗೆ ಕೊಡುವ ಕುದುರೆಯು ಸಾಮಾನ್ಯವಾಗಿ ವಯಸ್ಸು ಸಂದುದು, ಬೆದರುವ ಸ್ವಭಾವ ಕಳೆದುದು, ನಿಲ್ಲೆಂದಲ್ಲಿ ನಿಲ್ಲುವುದು. ಬೆಳಗ್ಗೆ ಶಾಲೆಯ ಹುಡುಗನೊಬ್ಬ, ಅವನು ಇಳಿದ ಮೇಲೆ ಹೆಂಗಸೊಬ್ಬಳು, ಸಂಜೆ ಕಚೇರಿಯಿಂದ ಬಂದ ಗುಮಾಸ್ತನೊಬ್ಬ, ಹೀಗೆ ಒಬ್ಬರಾದ ಮೇಲೊಬ್ಬರು ಅದೇ ಬೆನ್ನನ್ನೇರುತ್ತಾರೆ.

ಒಳ್ಳೆಯ ಲಾಯದಲ್ಲಿ ಮೊದಲ ಪಾಠವು ನೆಲದ ಮೇಲೆಯೇ ನಡೆಯುವುದು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ತನ್ನ ಸುತ್ತಲಿನ ಬಹುಭಾಗವನ್ನು ಒಮ್ಮೆಗೇ ನೋಡಬಲ್ಲದು. ಆದರೆ ನೇರ ಹಿಂಭಾಗವೂ ಹಣೆಯ ಮುಂದಣ ಕಿರಿದಾದ ಜಾಗವೂ ಅದಕ್ಕೆ ಕಾಣವು. ಹುಲಿ ತೋಳಗಳ ಬಾಯಿಂದ ಓಡಿ ಬದುಕಿದ ಸಂತತಿಯಾದುದರಿಂದ, ಕಾಣದ ಕಡೆಯಿಂದ ಬಂದುದೆಲ್ಲವೂ ಅದಕ್ಕೆ ಮೃತ್ಯುವೇ. ಆದಕಾರಣ ಅದರ ಹೆಗಲ ಕಡೆಯಿಂದ, ಮಾತನಾಡಿಸುತ್ತ, ಅವಸರವಿಲ್ಲದೆ ಹತ್ತಿರ ಹೋಗಬೇಕು. ಬಳಿಕ ಮೈ ತಿಕ್ಕಿ ಉಜ್ಜುವುದು, ಒಂದೊಂದೇ ಕಾಲನ್ನೆತ್ತಿ ಗೊರಸಿನಲ್ಲಿ ಸಿಕ್ಕಿದ ಕಲ್ಲು ಮಣ್ಣುಗಳನ್ನು ತೆಗೆಯುವುದು, ಜೀನನ್ನು ಇಟ್ಟು ಅದರ ಪಟ್ಟಿಯನ್ನು ಒಮ್ಮೆಗೇ ಬಿಗಿಯದೆ ಸ್ವಲ್ಪಸ್ವಲ್ಪವಾಗಿ ಬಿಗಿಯುವುದು. ಏರುವಾಗಲೂ ನೆಲದಿಂದ ಜೋತುಬಿದ್ದು ಏರದೆ ಒಂದು ಮೆಟ್ಟಿಲಿನಿಂದ ಏರಿದರೆ ಜೀನು ಕುದುರೆಯ ಬೆನ್ನೆಲುಬನ್ನು ಒಂದು ಪಕ್ಕಕ್ಕೆ ಸೆಳೆಯುವುದು ಕಡಮೆಯಾಗುವುದು. ಈ ವಿಧಿಗಳಲ್ಲಿ ಒಂದೂ ಸವಾರನ ಸುಖಕ್ಕಾಗಿ ಹುಟ್ಟಿದ್ದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಏರಿದ ಮೇಲಿನ ಮಾತು. ಹೊಸಬನ ತಪ್ಪುಗಳು ಕುದುರೆಯ ಮೈಯ ಮೂರು ಜಾಗಗಳಲ್ಲಿ ಬೀಳುತ್ತವೆ. ಮೊದಲನೆಯದು ಬೆನ್ನು. ಕುದುರೆಯು ಕುಲುಕೋಟದಲ್ಲಿ ಓಡುವಾಗ ಒಂದು ಮುಂಗಾಲೂ ಅದಕ್ಕೆ ಎದುರು ಪಕ್ಕದ ಹಿಂಗಾಲೂ ಜೊತೆಯಾಗಿ ನೆಲ ಮುಟ್ಟುತ್ತವೆ. ಎರಡು ಹೆಜ್ಜೆಗಳ ನಡುವೆ ಅದರ ಮೈ ಕ್ಷಣಕಾಲ ನೆಲವನ್ನು ಬಿಟ್ಟಿರುತ್ತದೆ. ಬಲ್ಲ ಸವಾರನು ಒಂದು ಹೆಜ್ಜೆಗೆ ಎದ್ದು ಮತ್ತೊಂದಕ್ಕೆ ಮೆಲ್ಲನೆ ಕುಳಿತು ಆ ಲಯದೊಡನೆ ಸೇರಿಹೋಗುತ್ತಾನೆ. ಹೊಸಬನು ಕುದುರೆ ಮೇಲೇಳುವಾಗ ಕೆಳಗೆ ಬೀಳುತ್ತಾನೆ, ಅದು ಕೆಳಗಿಳಿಯುವಾಗ ಮೇಲೆ ಹಾರುತ್ತಾನೆ. ಪ್ರತಿ ಹೆಜ್ಜೆಗೂ ಒಂದು ಮೂಟೆಯನ್ನು ಎತ್ತಿ ಹಾಕಿದಂತೆ. ಎರಡನೆಯದು ಬಾಯಿ. ಕುದುರೆಯ ಮುಂದಣ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಎಡೆಯುಂಟು. ಎಲುಬಿನ ಮೇಲೆ ತೆಳುವಾದ ಚರ್ಮ ಮಾತ್ರವಿರುವ ಆ ಎಡೆಯಲ್ಲಿ, ನಾಲಗೆಯ ಮೇಲೆ, ಕಡಿವಾಣದ ಕಬ್ಬಿಣವು ನಿಲ್ಲುತ್ತದೆ. ಹೊಸಬನು ತೂಕ ತಪ್ಪಿದೊಡನೆ ಹಿಡಿಯುವುದು ತನ್ನ ಕೈಯಲ್ಲಿರುವ ವಾಘೆಯನ್ನು; ಅಂದರೆ ತಾನು ಬೀಳದಿರುವುದಕ್ಕಾಗಿ ಅವನು ಕುದುರೆಯ ದವಡೆಗೆ ಜೋತುಬೀಳುತ್ತಾನೆ. ಮೂರನೆಯದು ಪಕ್ಕೆ. ಕಾಲುಗಳನ್ನು ಅಲುಗದಂತೆ ಇಡಲು ಬಾರದವನ ಹಿಮ್ಮಡಿಯು ತಿಳಿಯದೆಯೇ ಪಕ್ಕೆಯನ್ನು ಗುದ್ದುತ್ತಿರುತ್ತದೆ. ಪಕ್ಕೆಯ ಗುದ್ದು ಮುಂದೆ ಹೋಗೆನ್ನುತ್ತದೆ, ಬಾಯಿಯ ಸೆಳೆತ ನಿಲ್ಲೆನ್ನುತ್ತದೆ. ಎರಡಾಜ್ಞೆಗಳನ್ನೂ ಕೊಡುತ್ತಿರುವವನಿಗೆ ತಾನು ಆಜ್ಞೆ ಕೊಡುತ್ತಿರುವೆನೆಂಬುದೇ ತಿಳಿಯದು.

ಹೊಸಬನ ಕಷ್ಟಕಾಲವು ಕೆಲವು ತಿಂಗಳಿನದು. ಆಮೇಲೆ ಅವನು ಹೊಸಬನಲ್ಲ. ಬೇರೆ ಕುದುರೆಗೆ ಬಡ್ತಿ ಹೊಂದುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬ ಹೊಸಬ ಬರುತ್ತಾನೆ. ಸವಾರನಿಗೆ ಮೊದಲ ದಿನವು ಆಯುಸ್ಸಿನಲ್ಲಿ ಒಂದೇ. ಪಾಠದ ಕುದುರೆಗೆ ಪ್ರತಿದಿನವೂ ಯಾರದೋ ಮೊದಲ ದಿನ.

೩

ಇದಕ್ಕೆ ಹೇಳುವ ಸಮಾಧಾನಗಳು ಹಲವು. ಅವನ್ನು ಒಂದೊಂದಾಗಿ ತೂಗಿನೋಡುವುದು ನ್ಯಾಯ.

ಮೊದಲನೆಯ ವಾದ: ಕುದುರೆಯು ಬಲಿಷ್ಠವಾದ ಪ್ರಾಣಿ, ನಾನೂರು ಐನೂರು ಕಿಲೋಗ್ರಾಂ ತೂಗುವ ಮೈಗೆ ಒಬ್ಬ ಮನುಷ್ಯನ ತಪ್ಪುಗಳು ತಾಗುವುದಿಲ್ಲ. ಬಲಕ್ಕೂ ಸ್ಪರ್ಶಜ್ಞಾನಕ್ಕೂ ಇರುವ ಭೇದವನ್ನು ಈ ವಾದವು ಮರೆತಿದೆ. ಮೈಮೇಲೆ ಒಂದು ನೊಣ ಕುಳಿತರೆ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸುವ ಪ್ರಾಣಿಗೆ ಹಿಮ್ಮಡಿಯ ಗುದ್ದು ತಿಳಿಯದೆಂಬುದು ಹೇಗೆ? ಬರ್ಲಿನ್ ನಗರದಲ್ಲಿ ಫಾನ್ ಓಸ್ಟೆನ್ ಎಂಬ ಉಪಾಧ್ಯಾಯನ ಹಾನ್ಸ್ ಎಂಬ ಕುದುರೆಯು ಲೆಕ್ಕಗಳಿಗೆ ಗೊರಸು ತಟ್ಟಿ ಉತ್ತರ ಹೇಳುವುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಸಿದ್ಧವಾಗಿತ್ತು. ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ಅದನ್ನು ಪರೀಕ್ಷಿಸಿ ೧೯೦೭ರಲ್ಲಿ ಪ್ರಕಟಿಸಿದ ನಿರ್ಣಯವು ಲೆಕ್ಕಕ್ಕಿಂತ ಆಶ್ಚರ್ಯಕರವಾದುದು. ಕುದುರೆಗೆ ಗಣಿತ ತಿಳಿಯದು. ಆದರೆ ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆಯಲ್ಲಿ ಆಗುವ ಅತ್ಯಲ್ಪ ಚಲನೆಯನ್ನು ಅದು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಆ ಚಲನೆಯು ಪ್ರಶ್ನೆ ಕೇಳಿದವನಿಗೇ ಗೊತ್ತಿರಲಿಲ್ಲ. ಮನುಷ್ಯನು ತನ್ನ ಮೈಯ ವಿಷಯದಲ್ಲಿ ಅರಿಯದುದನ್ನೂ ಅರಿಯುವ ಪ್ರಾಣಿಗೆ ಅವನ ಒರಟುತನವು ಅರಿವಾಗದೆಂದು ಹೇಳುವುದು ಸಾಧ್ಯವಿಲ್ಲ.

ಎರಡನೆಯ ವಾದ: ಕುದುರೆಗೆ ಹುಲ್ಲು, ಹುರುಳಿ, ನೆಳಲು, ವೈದ್ಯ ಎಲ್ಲವೂ ದೊರೆಯುತ್ತವೆ; ಅದೇ ಅದರ ಕೂಲಿ. ಈ ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಹಸಿದ ಸ್ವತಂತ್ರ ಕುದುರೆಗಿಂತ ಹೊಟ್ಟೆ ತುಂಬಿದ ಲಾಯದ ಕುದುರೆ ಮೇಲೆಂದು ಹೇಳಬಹುದು. ಆದರೆ ಕೂಲಿಯೆಂಬುದು ಇಬ್ಬರ ಒಡಂಬಡಿಕೆ. ಒಬ್ಬನೇ ಗೊತ್ತುಮಾಡಿ ಒಬ್ಬನೇ ಅಳೆದು ಕೊಡುವುದಕ್ಕೆ ಕೂಲಿಯೆಂಬ ಹೆಸರು ಸಲ್ಲದು. ಬೆಲೆಗೂ ಋಣಕ್ಕೂ ಅಂತರವಿರುವುದನ್ನು ವಿಜಯನಗರದ ಚರಿತ್ರೆಯ ಒಂದು ಸಂಗತಿಯು ಚೆನ್ನಾಗಿ ತೋರಿಸುತ್ತದೆ. ಅರಬ್ಬೀ ಮತ್ತು ಪಾರಸಿ ಕುದುರೆಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಆ ರಾಜ್ಯವನ್ನು ಸೇರುತ್ತಿದ್ದುವು. ದಾರಿಯಲ್ಲಿ ಸತ್ತ ಕುದುರೆಗಳ ಬಾಲವನ್ನು ವರ್ತಕರು ತಂದೊಪ್ಪಿಸಿದರೆ ಸಾಳುವ ನರಸಿಂಹನು ಬದುಕಿದ ಕುದುರೆಗೆ ಕೊಡುವಷ್ಟೇ ಹಣವನ್ನು ಅದಕ್ಕೂ ಕೊಡುತ್ತಿದ್ದನೆಂದು ಪೋರ್ತುಗೀಜನಾದ ನೂನಿಜನು ಬರೆದಿಟ್ಟಿದ್ದಾನೆ. ವರ್ತಕನ ಲೆಕ್ಕವು ಒಂದು ಕಾಸೂ ಉಳಿಯದಂತೆ ತೀರಿತು. ಸಮುದ್ರದ ಪಾಲಾದ ಪ್ರಾಣಿಯ ಲೆಕ್ಕವನ್ನು ಯಾರೂ ತೆರೆದೇ ಇರಲಿಲ್ಲ. ಇಂದು ಒಂದು ಗಂಟೆಯ ಪಾಠಕ್ಕೆ ಶುಲ್ಕ ಕೊಟ್ಟು ಹೋಗುವವನೂ ಲಾಯದ ಯಜಮಾನನ ಲೆಕ್ಕವನ್ನು ತೀರಿಸುತ್ತಾನೆ, ಅಷ್ಟೇ.

ಮೂರನೆಯದು ಎದುರು ಕಡೆಯ ವಾದ, ಮತ್ತು ಎಲ್ಲಕ್ಕಿಂತ ಬಲವಾದುದು: ಒಪ್ಪಿಗೆಯಿಲ್ಲದ ಮೇಲೆ ಏರುವುದೇ ತಪ್ಪು, ಋಣವು ತೀರಿಸಲಾಗದುದಾದರೆ ಸಾಲವನ್ನೇ ಮಾಡಬಾರದು. ಹೀಗೆಂದು ಸವಾರಿಯನ್ನು ಬಿಟ್ಟವನನ್ನು ನಗುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ವಾದವು ತಾನೆಣಿಸಿದಷ್ಟು ಸುಲಭವಾಗಿ ಮುಗಿಯುವುದಿಲ್ಲ. ಇಂದಿನ ಸಾಕುಕುದುರೆಗಳ ವಂಶವು ಮನುಷ್ಯನೊಡನೆ ಬಾಳಲು ತೊಡಗಿ ನಾಲ್ಕು ಸಾವಿರ ವರ್ಷಗಳು ಕಳೆದಿವೆ. ಅವು ಹಿಂದಿರುಗಿ ಹೋಗಬಹುದಾದ ಕಾಡು ಬಹುಮಟ್ಟಿಗೆ ಇಲ್ಲ. ಅವುಗಳನ್ನು ನೋಡಿಕೊಳ್ಳುವವರು ಬೇಕು. ನೋಡಿಕೊಳ್ಳಬಲ್ಲವರು ಅವುಗಳ ಬಳಿಯಲ್ಲಿ ನಿಂತು, ತಪ್ಪಿ, ತಿದ್ದಿಕೊಂಡೇ ಕಲಿಯಬೇಕು. ಗೊರಸು ಕೆತ್ತುವವನೂ ಮೊದಲು ಕೆಲವು ಗೊರಸುಗಳನ್ನು ಓರೆಯಾಗಿ ಕೆತ್ತಿಯೇ ಕಲಿತಿರುತ್ತಾನೆ. ಜೀವದೊಡನೆ ವ್ಯವಹರಿಸುವ ಯಾವ ಉಪಕಾರವೂ ಯಾವುದೋ ಜೀವದ ಮೇಲಣ ಅಪಚಾರದಿಂದ ಮೊದಲಾಗದೆ ಇಲ್ಲ. ಆದುದರಿಂದ ಒಪ್ಪಿಗೆ ಪಡೆಯಲಾಗದೆಂಬುದು ಕರ್ತವ್ಯವನ್ನು ಇಲ್ಲವಾಗಿಸುವ ಕಾರಣವಲ್ಲ. ಅದನ್ನು ಭಾರವಾಗಿಸುವ ಕಾರಣ. ಸಾಲಪತ್ರಕ್ಕೆ ರುಜು ಮಾಡಲಾರದವನಿಂದ ಸಾಲ ತಂದವನು ರುಜು ಮಾಡಬಲ್ಲವನಿಂದ ತಂದವನಿಗಿಂತ ಹೆಚ್ಚು ಎಚ್ಚರದಿಂದ ಲೆಕ್ಕವಿಡಬೇಕು.

೪

ಈ ಎಚ್ಚರವು ಹೊಸದಲ್ಲ. ಕುದುರೆಯನ್ನು ಬಲ್ಲ ಜನರೆಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಇದನ್ನು ಕಂಡುಕೊಂಡಿದ್ದರು. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಸುಮಾರಿಗೆ ಮಿತಾನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಹೆಸರಿನಲ್ಲಿ ಹಿಟ್ಟೈಟರ ರಾಜಧಾನಿಯಲ್ಲಿ ಬರೆದಿಟ್ಟ ಮಣ್ಣಿನ ಫಲಕಗಳು ದೊರೆತಿವೆ. ಅವುಗಳಲ್ಲಿ ಸುತ್ತುಗಳನ್ನೆಣಿಸುವ ಪದಗಳು ಸಂಸ್ಕೃತದ ಏಕ, ಪಂಚ, ಸಪ್ತ, ವರ್ತನ ಎಂಬ ಪದಗಳ ಒಡಹುಟ್ಟುಗಳಾಗಿರುವುದು ಭಾರತೀಯ ವಾಚಕನಿಗೆ ಸಂತೋಷದ ವಿಷಯ. ಅದಕ್ಕಿಂತ ಗಮನಾರ್ಹವಾದುದೆಂದರೆ, ಕುದುರೆಯನ್ನು ಎಷ್ಟು ಓಡಿಸಬೇಕೆಂಬುದರ ಜೊತೆಗೆ ಎಷ್ಟು ಮೇವು, ಯಾವಾಗ ನೀರು, ಯಾವಾಗ ಸ್ನಾನ, ಯಾವಾಗ ವಿಶ್ರಾಂತಿ ಎಂಬುದನ್ನೂ ಅದು ದಿನದಿನಕ್ಕೆ ವಿಧಿಸಿದೆ. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ತನ್ನ ಕಿರಿಯ ಮಿತ್ರರಿಗಾಗಿ ಸವಾರಿಯ ಮೇಲೆ ಒಂದು ಗ್ರಂಥವನ್ನು ಬರೆದನು. ಕುದುರೆಯ ಹತ್ತಿರ ಕೋಪದಿಂದ ಹೋಗಲೇಬಾರದೆಂಬುದು ಅವನ ವಿಧಿ. ಬಲಾತ್ಕಾರದಿಂದ ಮಾಡಿಸಿದುದು ಕುದುರೆಗೆ ಅರ್ಥವೂ ಆಗದು, ನೋಡಲು ಚೆನ್ನವೂ ಅಲ್ಲವೆಂಬುದು ಅವನ ಅಭಿಪ್ರಾಯ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಕುದುರೆಗಳ ಪರೀಕ್ಷೆಗೆ, ಅವುಗಳ ವಿಹಾರಕ್ಕೆ ಸ್ಥಾನವುಂಟು.

ಮಹಾಭಾರತವನ್ನು ಬಲ್ಲವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಜಯದ್ರಥವಧೆಯ ದಿನ, ಸೂರ್ಯನು ಇಳಿಯುತ್ತಿರುವಾಗ, ಒಂದು ಗಳಿಗೆಯೂ ಅಮೂಲ್ಯವಾಗಿರುವಾಗ, ದಣಿದ ಕುದುರೆಗಳ ಸಲುವಾಗಿ ರಥವು ರಣರಂಗದ ನಡುವೆ ನಿಲ್ಲುತ್ತದೆ. ಅರ್ಜುನನು ಬಾಣದಿಂದ ನೆಲವನ್ನು ಭೇದಿಸಿ ನೀರು ಬರಿಸುತ್ತಾನೆ. ಕೃಷ್ಣನು ಕುದುರೆಗಳ ನೊಗ ಬಿಚ್ಚಿ, ನಾಟಿದ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ ಮತ್ತೆ ಹೂಡುತ್ತಾನೆ. ಪ್ರತಿಜ್ಞೆಯು ತಪ್ಪಿದರೆ ಅರ್ಜುನನು ಬೆಂಕಿಯನ್ನು ಹೊಗಬೇಕಾದ ದಿನ ಅದು. ಸಾರಥ್ಯವೆಂದರೆ ವಾಘೆ ಹಿಡಿಯುವುದಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಇಂದ್ರಿಯಗಳನ್ನು ಕುದುರೆಗಳಿಗೆ, ಮನಸ್ಸನ್ನು ವಾಘೆಗೆ, ಬುದ್ಧಿಯನ್ನು ಸಾರಥಿಗೆ ಹೋಲಿಸಿದ ಕಠೋಪನಿಷತ್ತಿನ ರೂಪಕವು ಪ್ರಸಿದ್ಧವಾದುದು. ಆ ರೂಪಕದಲ್ಲಿ ದುಷ್ಟಾಶ್ವವು ಕಟ್ಟಿಗೆ ಬಾರದುದು, ಸಾರಥಿಯು ಕಟ್ಟುವವನು. ಹೊಸಬನ ಪಾಠದಲ್ಲಾದರೋ ಇದು ತಲೆಕೆಳಗಾಗಿದೆ. ಮುದಿಯಾದ ಕುದುರೆಯು ಶಾಂತವಾಗಿ ವೃತ್ತದಲ್ಲಿ ನಡೆಯುತ್ತಿರುತ್ತದೆ. ಹುಚ್ಚುಗಟ್ಟಿ ಕೈಮೀರಿ ಓಡುತ್ತಿರುವುವು ಮೇಲೆ ಕುಳಿತವನ ಭಯ, ಕೈ, ಕಾಲು, ಉಸಿರು. ಪಳಗಬೇಕಾದವನು ಮೇಲಿದ್ದಾನೆ.

ಈ ತತ್ತ್ವವನ್ನು ಶಿಕ್ಷಣದ ಕ್ರಮವನ್ನಾಗಿ ಮಾಡಿದವರಲ್ಲಿ ವಿಯೆನ್ನಾ ನಗರದ ಸ್ಪ್ಯಾನಿಷ್ ಸವಾರಿ ಶಾಲೆಯವರು ಮುಖ್ಯರು. ಹದಿನಾರನೆಯ ಶತಮಾನದಿಂದ ಬಂದಿರುವ ಆ ಶಾಲೆಯಲ್ಲಿ ಹೊಸ ವಿದ್ಯಾರ್ಥಿಯನ್ನು ಹಳೆಯ, ಪೂರ್ಣಶಿಕ್ಷಿತವಾದ ಕುದುರೆಯ ಮೇಲೆ ಕೂಡಿಸುತ್ತಾರೆ. ಹೊಸ ಕುದುರೆಯನ್ನು ಅನುಭವಿಯಾದ ಸವಾರನ ಕೈಗೆ ಕೊಡುತ್ತಾರೆ. ಎರಡು ಅಜ್ಞಾನಗಳು ಒಂದೆಡೆ ಸೇರಬಾರದೆಂಬುದೇ ಇದರ ಮರ್ಮ. ವಿದ್ಯಾರ್ಥಿಯು ತಿಂಗಳುಗಟ್ಟಲೆ ರಿಕಾಪಿಲ್ಲದೆ, ವಾಘೆಯಿಲ್ಲದೆ, ಶಿಕ್ಷಕನು ಉದ್ದವಾದ ಹಗ್ಗದಿಂದ ಸುತ್ತಿಸುವ ಕುದುರೆಯ ಮೇಲೆ ಬರಿಯ ಕುಳಿತುಕೊಳ್ಳುವುದನ್ನೇ ಕಲಿಯುತ್ತಾನೆ. ತನ್ನ ತೂಕವನ್ನು ತಾನೇ ಹೊತ್ತುಕೊಳ್ಳಲು ಬಂದ ಮೇಲೆಯೇ ಕುದುರೆಯ ಬಾಯಿಗೆ ಕಟ್ಟಿದ ವಾಘೆಯು ಅವನ ಕೈಗೆ ಬರುವುದು. ಕಲಿಯುವವನ ತಪ್ಪಿನ ಬೆಲೆಯನ್ನು ಪೂರ್ತಿಯಾಗಿ ತಪ್ಪಿಸಲಾಗದಿದ್ದರೂ ಅದನ್ನು ತಗ್ಗಿಸಬಹುದೆಂಬುದಕ್ಕೆ ಇದು ದೃಷ್ಟಾಂತ.

೫

ಇಷ್ಟಾದರೂ ಮುಖ್ಯವಾದ ತೊಡಕು ಉಳಿದೇ ಇದೆ. ಅದು ಕುದುರೆಯ ಮೌನಕ್ಕೆ ಸಂಬಂಧಿಸಿದುದು.

ಕುದುರೆಯು ಹೇಗೆ ಕಲಿಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ವಾಘೆಯ ಸೆಳೆತವಾಗಲಿ ಕಾಲಿನ ಒತ್ತಾಗಲಿ ಕುದುರೆಗೆ ತಾನಾಗಿ ಅರ್ಥವನ್ನು ಹೇಳುವುದಿಲ್ಲ. ಅದು ಸರಿಯಾದುದನ್ನು ಮಾಡಿದ ಕ್ಷಣದಲ್ಲಿಯೇ ಒತ್ತು ಸಡಿಲವಾದರೆ ಆ ಸಡಿಲಿಕೆಯೇ ಅದಕ್ಕೆ ಪಾಠ. ಒತ್ತು ಪ್ರಶ್ನೆ, ಸಡಿಲಿಕೆ ಉತ್ತರ. ಹೊಸಬನಿಗೆ ಸೆಳೆಯುವುದು ಬೇಗ ಬರುತ್ತದೆ. ಬಿಡುವುದು ತಡವಾಗಿ ಬರುತ್ತದೆ. ಕುದುರೆಯು ನಿಂತ ಮೇಲೂ ಅವನು ಸೆಳೆಯುತ್ತಲೇ ಇರುತ್ತಾನೆ. ನಡೆದ ಮೇಲೂ ಗುದ್ದುತ್ತಲೇ ಇರುತ್ತಾನೆ. ಹೀಗಾದಾಗ ಕುದುರೆಯು ಕಲಿಯುವುದು ಒಂದೇ ಮಾತು: ತಾನೇನು ಮಾಡಿದರೂ ಇದು ನಿಲ್ಲುವುದಿಲ್ಲ. ಈ ಪಾಠವನ್ನು ಕಲಿತ ಕುದುರೆಯು ಕ್ರಮೇಣ ಉತ್ತರ ಹೇಳುವುದನ್ನೇ ಬಿಡುತ್ತದೆ. ಅದು ಒದೆಯುವುದಿಲ್ಲ, ಕಚ್ಚುವುದಿಲ್ಲ, ಬೆದರುವುದಿಲ್ಲ. ತಲೆ ತಗ್ಗಿಸಿ ನಿಲ್ಲುತ್ತದೆ. ಜನರು ಅದನ್ನು ಬಹಳ ಸಾಧುವೆಂದು ಹೊಗಳಿ, ಮಕ್ಕಳನ್ನು ನಿರ್ಭಯವಾಗಿ ಹತ್ತಿಸುತ್ತಾರೆ.

ವಿಶ್ವಾಸದಿಂದ ಶಾಂತವಾದ ಕುದುರೆಯೂ ಉಂಟು. ಅದು ಹೊಸಬನ ಒರಟುತನವನ್ನು ಸಹಿಸುತ್ತದೆ; ಏಕೆಂದರೆ ಇದು ಬೇಗ ಮುಗಿಯುವುದೆಂದೂ ಶಿಕ್ಷಕನ ದನಿ ಅಲ್ಲಿಯೇ ಇರುವುದೆಂದೂ ಅದು ಕಂಡುಕೊಂಡಿದೆ. ಅದರ ಕಿವಿಯು ಒಮ್ಮೆ ಶಿಕ್ಷಕನ ಕಡೆಗೆ, ಒಮ್ಮೆ ಸವಾರನ ಕಡೆಗೆ ತಿರುಗುತ್ತಿರುತ್ತದೆ. ನೋವಾದರೆ ಬಾಲ ಬಡಿದು ತಿಳಿಸುತ್ತದೆ. ಇಷ್ಟವಿಲ್ಲದಿದ್ದರೆ ಜೀನು ತರುವಾಗಲೇ ಪಕ್ಕಕ್ಕೆ ಸರಿಯುತ್ತದೆ. ಬೇಡವೆಂದು ಹೇಳಲು ಅದಕ್ಕೆ ಇನ್ನೂ ಧೈರ್ಯವಿದೆ. ಬೇಡವೆಂದರೆ ಕೇಳುವವರಿದ್ದಾರೆಂಬ ನಂಬಿಕೆಯೇ ಆ ಧೈರ್ಯಕ್ಕೆ ಮೂಲ.

ಹೀಗೆ ಮೌನಗಳು ಎರಡು: ವಿಶ್ವಾಸದ ಮೌನ, ನಿರಾಶೆಯ ಮೌನ. ಹೊಸಬನ ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ; ಎರಡೂ ಅವನಿಗೆ ಒಂದೇ ಬಗೆಯಾಗಿ ಅನುಕೂಲವಾಗಿವೆ. ತೊಡಕಿರುವುದು ಇಲ್ಲಿಯೇ. ತನಗೆ ಅನುಕೂಲವಾದ ಮೌನವನ್ನು ಒಪ್ಪಿಗೆಯೆಂದು ಓದಿಕೊಳ್ಳುವುದು ಮನುಷ್ಯನ ಹಳೆಯ ಅಭ್ಯಾಸ. ಮನೆಯ ಸೊಸೆಯ ವಿಷಯದಲ್ಲಿ, ಹೊಲದ ಆಳಿನ ವಿಷಯದಲ್ಲಿ, ಹಿಂದಿನ ಬೆಂಚಿನ ಹುಡುಗನ ವಿಷಯದಲ್ಲಿ ಅವನು ಹೀಗೆಯೇ ಓದಿಕೊಂಡಿದ್ದಾನೆ. ಆನಾ ಸೂಯೆಲ್ ೧೮೭೭ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳುತ್ತದೆ. ಬಾಡಿಗೆಗೆ ಬಿಟ್ಟ ಕುದುರೆಯಾಗಿ ದಿನಕ್ಕೊಬ್ಬ ಅಜ್ಞನ ಕೈಗೆ ಬೀಳುವ ಪಾಡು ಅದರ ಅಧ್ಯಾಯಗಳಲ್ಲಿ ಬಂದಿದೆ. ಆ ಗ್ರಂಥಕರ್ತ್ರಿಯು ಮಾಡಿದ ದೊಡ್ಡ ಕೆಲಸವೆಂದರೆ ಮೌನವಾಗಿದ್ದುದಕ್ಕೆ ಮಾತು ಕೊಟ್ಟುದು. ಲಾಯದ ಕುದುರೆಗೆ ಮಾತು ಕೊಡುವ ಕವಿ ಇಲ್ಲ; ಅಲ್ಲಿ ಓದಲು ಕಲಿಯಬೇಕಾದವನು ಸವಾರನೇ.

ಓದು ಅಸಾಧ್ಯವಲ್ಲ. ಯೂರೋಪಿನ ಪಶುವೈದ್ಯ ಸಂಶೋಧಕರು ೨೦೧೪ರಲ್ಲಿ ಕುದುರೆಯ ಮುಖದಲ್ಲಿ ನೋವು ತೋರುವ ಆರು ಚಿಹ್ನೆಗಳನ್ನು ಗೊತ್ತುಮಾಡಿದರು: ಹಿಂದಕ್ಕೆ ಬಿಗಿದು ನಿಂತ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲಣ ಬಿಗಿತ, ಉಬ್ಬಿ ನಿಂತ ದವಡೆಯ ಸ್ನಾಯು, ಬಿಗಿದ ಬಾಯಿ, ಸೆಟೆದ ಮೂಗಿನ ಹೊಳ್ಳೆ. ಅನುಭವಿಯಾದ ಲಾಯದ ಆಳಿಗೆ ಇವುಗಳಲ್ಲಿ ಬಹುಭಾಗ ಮೊದಲೇ ತಿಳಿದಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸಬನು ಮೇಲೆ ಕುಳಿತಾಗ ಅವನಿಗೆ ಕಾಣುವುದು ಕುದುರೆಯ ಕತ್ತಿನ ಹಿಂಭಾಗ ಮಾತ್ರ. ಮುಖವು ಕಾಣುವುದು ನೆಲದ ಮೇಲೆ ನಿಂತವನಿಗೆ. ಏರುವುದಕ್ಕೆ ಮುಂಚೆ ಮೈ ತಿಕ್ಕುವ ಆ ಕಾಲುಗಂಟೆಯೇ ನಿಜವಾದ ಪಾಠವೆಂದು ಒಳ್ಳೆಯ ಶಿಕ್ಷಕರು ಹೇಳುವುದಕ್ಕೆ ಇದೇ ಕಾರಣ. ಅದನ್ನು ಆಳಿಗೆ ಬಿಟ್ಟು, ಜೀನು ಹಾಕಿ ತಂದು ನಿಲ್ಲಿಸಿದ ಕುದುರೆಯನ್ನು ಏರಿ, ಗಂಟೆ ಮುಗಿದೊಡನೆ ಇಳಿದು ಹೋಗುವವನು ಪುಸ್ತಕದ ಬೆನ್ನನ್ನಷ್ಟೇ ಸವರಿ ಓದಿದೆನೆನ್ನುವವನಂತೆ.

೬

ಹಾಗಾದರೆ ಋಣವನ್ನು ತೀರಿಸುವ ಬಗೆ ಯಾವುದು? ಪ್ರಾಚೀನರು ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತುಬರುತ್ತಾನೆಂದು ಹೇಳಿದರು. ಇವುಗಳಲ್ಲಿ ಒಂದು ವಿಶೇಷವುಂಟು. ಪಿತೃಗಳಿಂದ ಪಡೆದುದನ್ನು ಮಕ್ಕಳಿಗೆ ಕೊಟ್ಟು ತೀರಿಸಬೇಕು. ಋಷಿಗಳಿಂದ ಪಡೆದುದನ್ನು ಅಧ್ಯಯನ ಮಾಡಿ, ಮುಂದಿನವರಿಗೆ ಹೇಳಿಕೊಟ್ಟು ತೀರಿಸಬೇಕು. ಕೊಟ್ಟವನಿಗೆ ಹಿಂದಕ್ಕೆ ಕೊಡಲಾಗದ ಸಾಲವನ್ನು ಮುಂದಕ್ಕೆ ಕೊಟ್ಟು ತೀರಿಸುವ ಕ್ರಮವಿದು. ಸವಾರನ ಋಣಕ್ಕೂ ಇದು ಒಂದು ಮಟ್ಟಿಗೆ ಸಲ್ಲುತ್ತದೆ. ಒಂದು ಕುದುರೆಯ ಬಾಯನ್ನು ನೋಯಿಸಿ ಕಲಿತ ಮೃದುತ್ವವನ್ನು ಅವನು ಮುಂದೆ ಏರುವ ಪ್ರತಿ ಕುದುರೆಗೂ ಸಲ್ಲಿಸಬೇಕು. ಮೊದಲ ಕುದುರೆಯಲ್ಲಿ ಕಲಿತು, ಹತ್ತನೆಯ ಕುದುರೆಯಲ್ಲಿಯೂ ಅದೇ ಒರಟುತನವನ್ನುಳಿಸಿಕೊಂಡವನು ಮೊದಲನೆಯದಕ್ಕೂ ದ್ರೋಹ ಬಗೆದವನು. ಅದರ ನೋವನ್ನು ವ್ಯರ್ಥಮಾಡಿದವನು.

ಆದರೆ ಈ ಹೋಲಿಕೆಗೆ ಒಂದು ಮಿತಿಯುಂಟು. ಪಿತೃಗಳೂ ಋಷಿಗಳೂ ಕಣ್ಮರೆಯಾದವರು. ಅವರಿಗೆ ಹಿಂದಕ್ಕೆ ಕೊಡಲು ಸಾಧ್ಯವೇ ಇಲ್ಲ. ಪಾಠದ ಕುದುರೆಯಾದರೋ ಅದೇ ಲಾಯದಲ್ಲಿ ಇನ್ನೂ ನಿಂತಿದೆ. ಸಾಲಿಗನು ಬಾಗಿಲಲ್ಲಿ ನಿಂತಿರುವಾಗ ಸಾಲವನ್ನು ಮುಂದಿನವರಿಗೆ ಕೊಡುವೆನೆಂಬ ಮಾತು ನೆಪವಾಗುವುದು ಸುಲಭ. ಆದುದರಿಂದ ಇಲ್ಲಿ ಎರಡು ಬಗೆಯ ಸಲ್ಲಿಕೆಯೂ ಬೇಕು.

ಹಿಂದಕ್ಕೆ ಸಲ್ಲಿಸಬೇಕಾದುದು ಬಹಳ ದೊಡ್ಡದೇನಲ್ಲ, ಆದರೆ ನಿಯತವಾದುದು. ವಿದ್ಯಾರ್ಥಿಯ ಪಾಲು: ತಾನೇ ಮೈ ತಿಕ್ಕುವುದು, ಗೊರಸು ನೋಡುವುದು, ಇಳಿದೊಡನೆ ತನ್ನ ಬಾಯಾರಿಕೆಯನ್ನು ನೆನೆಯುವುದಕ್ಕೆ ಮುಂಚೆ ಜೀನಿನ ಪಟ್ಟಿಯನ್ನು ಸಡಿಲಿಸುವುದು, ಕುದುರೆಗೆ ಇಂದು ಮೈ ಸರಿಯಿಲ್ಲವೆಂದು ತೋರಿದರೆ ಶುಲ್ಕ ಕೊಟ್ಟಿದ್ದರೂ ಏರದೆ ಹಿಂದಿರುಗುವುದು. ಶಿಕ್ಷಕನ ಪಾಲು: ಕುಳಿತುಕೊಳ್ಳಲು ಬಾರದವನ ಕೈಗೆ ವಾಘೆಯನ್ನು ಕೊಡದಿರುವುದು. ಇಬ್ಬರಿಗೂ ಸೇರಿದ ಇನ್ನೊಂದು ಪಾಲು ತೂಕದ ಲೆಕ್ಕ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಚಿಕ್ಕ ತಟ್ಟುವಿನ ಮೇಲೆ ದೊಡ್ಡವನನ್ನು ಕೂಡಿಸುವ ಲಾಯವು ಮೊದಲ ದಿನವೇ ತಪ್ಪು ಪಾಠವನ್ನು ಹೇಳಿಕೊಟ್ಟಂತೆ. ಯಜಮಾನನ ಪಾಲು ಎಲ್ಲಕ್ಕಿಂತ ದೊಡ್ಡದು. ಕುದುರೆಯ ಹೊಟ್ಟೆಯು ಅದರ ಮೈಗೆ ಚಿಕ್ಕದು. ದಿನದ ಬಹುಭಾಗ ಸ್ವಲ್ಪಸ್ವಲ್ಪವಾಗಿ ಮೇಯುವುದಕ್ಕೆಂದು ಆದುದು. ಅದು ವಾಂತಿ ಮಾಡಲಾರದು. ಹೊಟ್ಟೆಶೂಲೆ ಬಂದರೆ ಪ್ರಾಣವನ್ನೇ ತೆಗೆಯಬಹುದು. ಪಾಠಗಳ ನಡುವೆ ಮೇವಿಲ್ಲದೆ ಕಟ್ಟಿಹಾಕಿ, ಸವಾರರ ಸಾಲನ್ನು ಮಾತ್ರ ಎಣಿಸುವ ಯಜಮಾನನು ಉಳಿಸಿದ ಹಣವು ಆ ಹೊಟ್ಟೆಯಿಂದ ಕದ್ದುದು.

ಎಲ್ಲಕ್ಕಿಂತ ಕಠಿ​ನವಾದ ಪರೀಕ್ಷೆಯು ಕೊನೆಗೆ ಬರುತ್ತದೆ. ನೂರಾರು ಜನರಿಗೆ ಸವಾರಿ ಕಲಿಸಿದ ಕುದುರೆಯ ಕಾಲು ಒಂದು ದಿನ ನಡೆಯಲಾರದು. ಅಂದು ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆದರೆ ಮೇವಿಗೆ ಬೆಲೆಯುಂಟು. ಚಿಕ್ಕ ಲಾಯದ ಯಜಮಾನನು ಧನವಂತನಲ್ಲ. ಒಂದು ಮುದಿ ಕುದುರೆಯನ್ನು ಸಾಕಿದರೆ ಒಂದು ದುಡಿಯುವ ಕುದುರೆಯ ಜಾಗ ಹೋಗುತ್ತದೆ. ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಕಲಿತು ಹೋದವರು ಅನೇಕರು, ಸಾಲವು ಅವರೆಲ್ಲರದು. ಕಲಿಯುವ ಕಾಲದಲ್ಲಿಯೇ ಶುಲ್ಕದಲ್ಲಿ ಒಂದು ಭಾಗವನ್ನು ಕುದುರೆಯ ಮುಪ್ಪಿಗೆಂದು ತೆಗೆದಿಡುವ ಲಾಯವಿದ್ದರೆ, ಅಲ್ಲಿ ಶುಲ್ಕವು ಹೆಚ್ಚಾಗಿದ್ದರೂ ಅಲ್ಲಿಗೇ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು, ಮಕ್ಕಳಿಗೆ ಸವಾರಿಯ ಜೊತೆಗೆ ಬೇರೊಂದನ್ನೂ ಕಲಿಸಿದಂತಾಗುವುದು. ಭಾರತದ ಪ್ರಾಣಿಹಿಂಸೆ ತಡೆಯುವ ೧೯೬೦ರ ಕಾನೂನು ಕುದುರೆಯನ್ನು ಮಿತಿಮೀರಿ ಓಡಿಸುವುದನ್ನೂ ಭಾರ ಹೇರುವುದನ್ನೂ ಅಪರಾಧವೆಂದಿದೆ. ಅದು ಒಳ್ಳೆಯದೇ. ಆದರೆ ಕಾನೂನಿನ ಕೈಗೆ ಸಿಕ್ಕುವುದು ಬೀದಿಯಲ್ಲಿ ಕಾಣುವ ಕ್ರೌರ್ಯ. ಬಿಡಬೇಕಾದ ಕ್ಷಣದಲ್ಲಿ ವಾಘೆಯನ್ನು ಬಿಡದ ಬೆರಳು ಅದರ ಕೈಗೆ ಸಿಕ್ಕದು. ಅದನ್ನು ಹಿಡಿಯಬಲ್ಲುದು ಆ ಬೆರಳಿನವನ ಮನಸ್ಸೊಂದೇ.

ವೈದ್ಯನಿಗೂ ಉಪಾಧ್ಯಾಯನಿಗೂ ಸಲ್ಲುವ ಮಾತು ಇದೇ. ಅವರ ಮೊದಲ ರೋಗಿಗಳೂ ಮೊದಲ ಶಿಷ್ಯರೂ ತಾವು ತೆತ್ತ ಬೆಲೆಯ ಲೆಕ್ಕವನ್ನು ಇಟ್ಟಿರುವುದಿಲ್ಲ. ನುರಿತ ಕೈಯನ್ನು ಜನರು ಹೊಗಳುವಾಗ ಆ ಕೈ ಯಾರ ಮೈಮೇಲೆ ನುರಿಯಿತೆಂದು ಯಾರೂ ಕೇಳುವುದಿಲ್ಲ. ಕೇಳಿಕೊಳ್ಳಬೇಕಾದವನು ಆ ಕೈಯುಳ್ಳವನು. ಹಾಗೆ ಕೇಳಿಕೊಂಡವನಿಗೆ ತನ್ನ ನಿಪುಣತೆಯ ವಿಷಯದಲ್ಲಿ ಗರ್ವವು ಸ್ವಲ್ಪ ತಗ್ಗುವುದು, ಹೊಸಬರ ತಪ್ಪಿನ ವಿಷಯದಲ್ಲಿ ತಾಳ್ಮೆಯು ಸ್ವಲ್ಪ ಹೆಚ್ಚುವುದು, ಮತ್ತು ತನ್ನ ಕೈಕೆಳಗೆ ಮೌನವಾಗಿರುವವರ ಮೌನವನ್ನು ತನಗೆ ಅನುಕೂಲವಾದಂತೆ ಓದಿಕೊಳ್ಳುವ ಮುಂಚೆ ಅವನು ಒಂದು ಕ್ಷಣ ನಿಲ್ಲುವನು. ಸವಾರಿಯ ವಿದ್ಯೆಯಿಂದ ಮನುಷ್ಯನಿಗೆ ಆಗುವ ಲಾಭಗಳಲ್ಲಿ ವೇಗವೂ ಧೈರ್ಯವೂ ಎಲ್ಲರಿಗೂ ಗೊತ್ತಿರುವುವು; ಹೀಗೆ ನಿಲ್ಲುವುದನ್ನು ಕಲಿಯುವುದು ಅವೆರಡಕ್ಕಿಂತ ದೊಡ್ಡ ಲಾಭ.